ಹೇಳಿದ ಹೊತ್ತು, ಬಾಳಿದ ಹೊತ್ತು



ಕೆರೆಯ ನೀರು ಇನ್ನೆಷ್ಟು ದಿನ ಬಂದೀತು ಎಂದು ನಮ್ಮ ಕಡೆಯ ನೀರುಗಂಟಿಯನ್ನು ಕೇಳಿದರೆ ಅವನು ಒಡನೆಯೇ ದಿನಗಳ ಲೆಕ್ಕ ಹೇಳುತ್ತಿರಲಿಲ್ಲ. ಏರಿಯ ಮೇಲೆ ನಿಂತು ನೀರಿನ ಮಟ್ಟವನ್ನು ನೋಡುತ್ತಿದ್ದನು. ತೂಬನ್ನು ಎಷ್ಟು ಎತ್ತಬೇಕೆಂದಿದ್ದೀರಿ, ಕೆಳಗಿನ ಬಯಲಿನಲ್ಲಿರುವುದು ಭತ್ತವೋ ರಾಗಿಯೋ, ಹೂಳು ತೆಗೆದು ಎಷ್ಟು ವರ್ಷವಾಯಿತು ಎಂದು ಮರಳಿ ಪ್ರಶ್ನಿಸುತ್ತಿದ್ದನು. ಇಷ್ಟನ್ನೂ ತಿಳಿದ ಮೇಲೆಯೇ ಅವನ ಬಾಯಿಂದ ಒಂದು ಸಂಖ್ಯೆ ಹೊರಡುತ್ತಿತ್ತು. ಆ ಸಂಖ್ಯೆಯನ್ನು ನಂಬಿ ರೈತರು ಬಿತ್ತನೆಗೆ ತೊಡಗುತ್ತಿದ್ದರು.

ಈ ಮಾತನ್ನು ನೆನಪಿಗೆ ತಂದುಕೊಳ್ಳಲು ಕಾರಣವಿದೆ. ಇಂದು ನಮ್ಮ ಮನೆಗಳಲ್ಲಿ ಲ್ಯಾಪ್‌ಟಾಪ್ ಎಂಬ ಯಂತ್ರವು ಅಪರೂಪದ ವಸ್ತುವಾಗಿ ಉಳಿದಿಲ್ಲ. ಮಕ್ಕಳ ವಿದ್ಯೆ, ಯುವಕರ ಉದ್ಯೋಗ, ಹಿರಿಯರ ಬರವಣಿಗೆ, ಎಲ್ಲಕ್ಕೂ ಅದು ಬೇಕಾಗಿದೆ. ಅದರ ಬ್ಯಾಟರಿಯೂ ಒಂದು ಸಣ್ಣ ಕೆರೆಯಂತೆಯೇ. ಆದರೆ ಅದು ಎಷ್ಟು ಹೊತ್ತು ಬಂದೀತು ಎಂದು ಕೇಳಿದರೆ ಮಾರುವವರು ನೀರುಗಂಟಿಯಂತೆ ಮರುಪ್ರಶ್ನೆ ಹಾಕುವುದಿಲ್ಲ; ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯನ್ನು ತೋರಿಸುತ್ತಾರೆ. ಆ ಸಂಖ್ಯೆಗೂ ನಮ್ಮ ದಿನನಿತ್ಯದ ಅನುಭವಕ್ಕೂ ನಡುವೆ ಇರುವ ಅಂತರವೇನು, ಅದಕ್ಕೆ ಕಾರಣವೇನು, ನಾವು ಮಾಡಬೇಕಾದುದೇನು ಎಂಬುದನ್ನು ನಾನು ಕಂಡಷ್ಟು ಮಟ್ಟಿಗೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ಗುಬ್ಬಿ ತಾಲ್ಲೂಕಿನಲ್ಲಿ ನನ್ನ ತಮ್ಮನು ತೆಂಗಿನ ತೋಟ ಮಾಡಿಕೊಂಡಿದ್ದಾನೆ. ಅವನ ಹಿರಿಯ ಮಗಳು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳಿಗೆ ಲ್ಯಾಪ್‌ಟಾಪ್ ಅನಿವಾರ್ಯವಾದಾಗ ತಮ್ಮನು ವರ್ಷವಿಡೀ ಅಟ್ಟದ ಮೇಲೆ ಒಣಗಿದ್ದ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಯಲ್ಲಿ ಮಾರಿ, ಬಂದ ಹಣದಲ್ಲಿ ೫೨ ಸಾವಿರ ರೂಪಾಯಿಗಳನ್ನು ಅದಕ್ಕೆಂದೇ ತೆಗೆದಿರಿಸಿದನು. ಅಂಗಡಿಯಲ್ಲಿ ಮೂರು ಯಂತ್ರಗಳನ್ನು ತೋರಿಸಿದರಂತೆ. ದಿನವೂ ರೈಲಿನಲ್ಲಿ ಓಡಾಡುವ ಹುಡುಗಿಗೆ ಹೆಚ್ಚು ಹೊತ್ತು ಬಾಳುವುದೇ ಮೇಲೆಂದು, ‘೧೦ ಗಂಟೆಗಳವರೆಗೆ’ ಎಂದು ಬರೆದಿದ್ದ ಯಂತ್ರವನ್ನು, ಬೆಲೆ ನಾಲ್ಕು ಸಾವಿರ ಹೆಚ್ಚಾದರೂ, ಆರಿಸಿಕೊಂಡರು. ಆ ನಾಲ್ಕು ಸಾವಿರವನ್ನು ಕೊಟ್ಟದ್ದು ಕೇವಲ ಆ ಒಂದು ಸಂಖ್ಯೆಗಾಗಿ ಎಂಬುದನ್ನು ವಾಚಕರು ಗಮನಿಸಬೇಕು.

ಎಂಟು ತಿಂಗಳ ತರುವಾಯ ಒಂದು ದಿನ ಉದ್ಯೋಗಕ್ಕೆ ಆಯ್ಕೆ ಮಾಡುವ ಸಂಸ್ಥೆಯೊಂದು ಕಾಲೇಜಿನಲ್ಲಿ ಪರೀಕ್ಷೆ ಏರ್ಪಡಿಸಿತು. ತಮ್ಮ ತಮ್ಮ ಲ್ಯಾಪ್‌ಟಾಪುಗಳಲ್ಲಿಯೇ ಉತ್ತರಿಸಬೇಕಾಗಿತ್ತು. ಹುಡುಗಿ ರಾತ್ರಿಯೇ ಬ್ಯಾಟರಿಯನ್ನು ತುಂಬಿಸಿಕೊಂಡು, ಚಾರ್ಜರಿನ ಭಾರವೇಕೆಂದು ಅದನ್ನು ಮನೆಯಲ್ಲಿಯೇ ಬಿಟ್ಟು ರೈಲು ಹತ್ತಿದಳು. ದಾರಿಯಲ್ಲಿ ಸ್ವಲ್ಪ ಓದಿಕೊಂಡಳು. ಬೆಳಗಿನ ಪ್ರಯೋಗ ತರಗತಿಯಲ್ಲಿ ಯಂತ್ರವನ್ನು ಬಳಸಿದಳು. ಮಧ್ಯಾಹ್ನ ಪರೀಕ್ಷೆ ಮುಗಿಯಲು ಇನ್ನೂ ೪೦ ನಿಮಿಷಗಳಿರುವಾಗ ಪರದೆ ಕಪ್ಪಾಯಿತು. ಅಷ್ಟೂ ಹೊತ್ತು ಸೇರಿಸಿದರೂ ಯಂತ್ರ ನಡೆದದ್ದು ಮೂರು ಗಂಟೆಗೆ ಕಡಿಮೆ. ಗೆಳತಿಯ ಚಾರ್ಜರ್ ಇದಕ್ಕೆ ಹೊಂದಲಿಲ್ಲ. ಆ ಉದ್ಯೋಗ ಕೈತಪ್ಪಿತು.

“ಹತ್ತು ಗಂಟೆ ಬರುತ್ತೆ ಅಂತ ಪೆಟ್ಟಿಗೆ ಮೇಲೇ ಬರೆದಿತ್ತಲ್ಲ, ದೊಡ್ಡಪ್ಪ” ಎಂದು ಅವಳು ನನ್ನ ಮುಂದೆ ಅತ್ತಳು. ತಮ್ಮನ ದುಃಖ ಕೋಪದ ರೂಪ ತಾಳಿತ್ತು. “ಅಣ್ಣ, ಇದು ಕೆಟ್ಟ ಮಾಲು. ನಮ್ಮನ್ನು ಹಳ್ಳಿಯವರು ಅಂತ ನೋಡಿ ಕೊಟ್ಟಿದ್ದಾರೆ” ಎಂದನು. ಅಂಗಡಿಯವರಾದರೋ ಯಂತ್ರವನ್ನು ಪರೀಕ್ಷಿಸಿ ದೋಷವೇನೂ ಇಲ್ಲವೆಂದು ಹಿಂತಿರುಗಿಸಿದ್ದರು. ದೋಷವಿಲ್ಲದ ಯಂತ್ರವು ಹತ್ತು ಗಂಟೆಯೆಂದು ಹೇಳಿ ಮೂರು ಗಂಟೆಯಲ್ಲಿ ನಿಲ್ಲುವುದು ಹೇಗೆ? ಈ ಪ್ರಶ್ನೆ ನನ್ನನ್ನು ಕಾಡಿತು. ಎರಡು ವಾರ ಯಂತ್ರವನ್ನು ನನ್ನ ವಶಕ್ಕೆ ಕೊಡಿರೆಂದು ಕೇಳಿ ಪಡೆದೆನು.

ಮೊದಲು ಲೆಕ್ಕವನ್ನು ಅರಿಯೋಣ. ಬ್ಯಾಟರಿಯಲ್ಲಿ ಅಡಗಿರುವ ಶಕ್ತಿಯನ್ನು ವ್ಯಾಟ್-ಗಂಟೆಗಳಲ್ಲಿ ಅಳೆಯುತ್ತಾರೆ. ಇದು ಕೆರೆಯ ನೀರು. ಯಂತ್ರವು ಪ್ರತಿ ಕ್ಷಣದಲ್ಲಿ ಸೆಳೆದುಕೊಳ್ಳುವ ಶಕ್ತಿಯನ್ನು ವ್ಯಾಟ್‌ಗಳಲ್ಲಿ ಅಳೆಯುತ್ತಾರೆ. ಇದು ತೂಬಿನ ಹರಿವು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದು ಗಂಟೆಗಳು. ನಮ್ಮ ಹುಡುಗಿಯ ಬ್ಯಾಟರಿಯ ಮೇಲೆ ೪೨ ವ್ಯಾಟ್-ಗಂಟೆ ಎಂದು ಮುದ್ರಿತವಾಗಿತ್ತು. ಇದು ಹತ್ತು ಗಂಟೆ ಬಾಳಬೇಕಾದರೆ ಇಡೀ ಯಂತ್ರವು ಕೇವಲ ೪.೨ ವ್ಯಾಟ್ ಸೆಳೆಯಬೇಕು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಉರಿಯುವ ಎಲ್‌ಇಡಿ ಬಲ್ಬೇ ೯ ವ್ಯಾಟಿನದು. ಅದರ ಅರ್ಧಕ್ಕೂ ಕಡಿಮೆ ಶಕ್ತಿಯಲ್ಲಿ ಪರದೆ ಬೆಳಗಬೇಕು, ಗಣನೆ ನಡೆಯಬೇಕು, ಜಾಲದ ಸಂಪರ್ಕವೂ ಉಳಿಯಬೇಕು! ಈ ಒಂದು ಭಾಗಾಕಾರವನ್ನು ಅಂಗಡಿಯಲ್ಲಿಯೇ ಮಾಡಿದ್ದರೆ ಆ ಸಂಖ್ಯೆ ಯಾವ ಬಗೆಯ ಬಳಕೆಗೆ ಸೇರಿದ್ದೆಂಬುದು ಅಲ್ಲಿಯೇ ಸ್ಪಷ್ಟವಾಗುತ್ತಿತ್ತು.

ಬಳಿಕ ಒಂದೇ ಯಂತ್ರವನ್ನು ಮೂರು ಮನೆಗಳಲ್ಲಿ ನಡೆಸಿ ನೋಡಿದೆವು. ತುಮಕೂರಿನ ನನ್ನ ಕೋಣೆಯಲ್ಲಿ ನಾನು ‘ನುಡಿ’ ತಂತ್ರಾಂಶದಲ್ಲಿ ಲೇಖನವೊಂದನ್ನು ಬೆರಳಚ್ಚು ಮಾಡಿದೆ. ಪರದೆಯ ಬೆಳಕು ಮಂದವಾಗಿತ್ತು, ಅಂತರ್ಜಾಲವನ್ನು ನಿಲ್ಲಿಸಿದ್ದೆ. ಯಂತ್ರವು ಆರೂವರೆ ಗಂಟೆ ನಡೆಯಿತು. ಕುಣಿಗಲ್ಲಿನಲ್ಲಿರುವ ನನ್ನ ಅಳಿಯನು ಸಂಜೆಯ ಹೊತ್ತು ಪ್ರೌಢಶಾಲೆಯ ಮಕ್ಕಳಿಗೆ ಆನ್‌ಲೈನ್ ಮೂಲಕ ಗಣಿತ ಹೇಳುತ್ತಾನೆ. ಮಳೆಗಾಲದ ಸಂಜೆ ಕರೆಂಟು ಹೋದರೆ ಮನೆಯ ವೈಫೈ ಕೂಡ ನಿಲ್ಲುತ್ತದೆ. ಆಗ ಮೊಬೈಲಿನ ಸಂಪರ್ಕವನ್ನೇ ಲ್ಯಾಪ್‌ಟಾಪಿಗೆ ಕೊಟ್ಟು ಪಾಠ ಮುಂದುವರಿಸುವನು. ಕ್ಯಾಮೆರಾ, ಧ್ವನಿ, ಮಕ್ಕಳ ಚಿತ್ರಗಳು ಎಲ್ಲವೂ ಒಟ್ಟಿಗೆ ನಡೆದು ಅವನಲ್ಲಿ ಮೂರು ಮುಕ್ಕಾಲು ಗಂಟೆ ಬಂತು. ಗುಬ್ಬಿಯ ಮನೆಯ ಜಗಲಿಯಲ್ಲಿ, ಹಗಲ ಬೆಳಕಿಗೆ ಕಾಣಿಸಲೆಂದು ಪರದೆಯನ್ನು ಪೂರ್ಣವಾಗಿ ಬೆಳಗಿಸಿ ಹುಡುಗಿಯು ತನ್ನ ಯಂತ್ರರಚನೆಯ ನಕ್ಷೆಗಳನ್ನು ಬಿಡಿಸಿದಾಗ ಎರಡು ಮುಕ್ಕಾಲು ಗಂಟೆಗೇ ಮುಗಿಯಿತು.

ಮೂರೂ ಕಡೆ ಬ್ಯಾಟರಿ ಒಂದೇ. ಬೇರೆಯಾದದ್ದು ತೂಬು. ನನ್ನ ಬರವಣಿಗೆ ಸುಮಾರು ೬ ವ್ಯಾಟ್ ಸೆಳೆದರೆ, ಅಳಿಯನ ಪಾಠ ಸುಮಾರು ೧೧, ಹುಡುಗಿಯ ನಕ್ಷೆ ೧೪ಕ್ಕೂ ಮೇಲೆ ಸೆಳೆದಿತ್ತು. ಹತ್ತು ಗಂಟೆಯೆಂಬುದು ಮೂರು ಮನೆಗಳಲ್ಲಿ ಯಾವುದರಲ್ಲಿಯೂ ಕಾಣಿಸಲಿಲ್ಲ.

ಹಾಗಾದರೆ ಆ ಹತ್ತು ಎಲ್ಲಿಂದ ಬಂತು? ತಯಾರಕರು ಯಂತ್ರಗಳನ್ನು ಪರೀಕ್ಷಿಸದೆ ಬರೆಯುವುದಿಲ್ಲ. ಅನೇಕರು ಯಂತ್ರದಲ್ಲಿಯೇ ಇಟ್ಟಿರುವ ಚಲನಚಿತ್ರವೊಂದನ್ನು ಮಿತವಾದ ಬೆಳಕಿನಲ್ಲಿ ನಿರಂತರವಾಗಿ ಓಡಿಸಿ ಹೊತ್ತನ್ನು ಅಳೆಯುತ್ತಾರೆ. ಇಂದಿನ ಯಂತ್ರಗಳಲ್ಲಿ ಚಿತ್ರವನ್ನು ಬಿಡಿಸಿ ತೋರಿಸಲು ಪ್ರತ್ಯೇಕವಾದ ಭಾಗವಿರುವುದರಿಂದ ಮುಖ್ಯ ಸಂಸ್ಕಾರಕವು ಬಹುಪಾಲು ವಿಶ್ರಾಂತಿಯಲ್ಲಿರುತ್ತದೆ. ಜಪಾನಿನ ತಯಾರಕರ ಸಂಘವಾದ ‘ಜೀಟಾ’ ೨೦೧೪ರಲ್ಲಿ ಗೊತ್ತುಪಡಿಸಿದ ಅಳತೆಯಂತೂ ಇನ್ನೂ ವಿಚಿತ್ರವಾದುದು: ಚಲನಚಿತ್ರ ಓಡಿಸಿದಾಗ ಬಂದ ಅವಧಿ, ಯಾವ ಕೆಲಸವನ್ನೂ ಮಾಡದೆ ಪರದೆಯನ್ನು ತೆರೆದಿಟ್ಟಾಗ ಬಂದ ಅವಧಿ, ಇವೆರಡರ ಸರಾಸರಿಯೇ ಯಂತ್ರದ ಆಯಸ್ಸು. ಮುಂದಿನ ಆವೃತ್ತಿಯಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿಯೇ ತಿಳಿಸಬೇಕೆಂದು ತಿದ್ದಿಕೊಂಡರು. ಏನೂ ಮಾಡದೆ ತೆರೆದಿಡುವುದಕ್ಕಾಗಿ ಯಾವ ತಂದೆ ತಾನೇ ಕೊಬ್ಬರಿ ಮಾರಿ ಲ್ಯಾಪ್‌ಟಾಪ್ ಕೊಂಡಾನು?

ಇದು ನಮಗೆ ಹೊಸ ಅನುಭವವಲ್ಲ. ಮೋಟಾರು ಬೈಕು ಲೀಟರಿಗೆ ಇಷ್ಟು ಕಿಲೋಮೀಟರ್ ಕೊಡುತ್ತದೆಂಬ ಮಾತನ್ನು ನಾವು ಬಲ್ಲೆವು. ಪರೀಕ್ಷಾಗಾರದ ಅಳತೆ ಒಂದು, ಇಬ್ಬರು ಕುಳಿತು ಮೂಟೆ ಹೇರಿಕೊಂಡು ಸಂತೆಗೆ ಹೋಗುವಾಗಿನ ಅಳತೆ ಮತ್ತೊಂದು. ಬೈಕಿನ ವಿಷಯದಲ್ಲಿ ಈ ಎಚ್ಚರಿಕೆ ನಮ್ಮ ಹಳ್ಳಿಯ ಹುಡುಗರಿಗೂ ಬಂದಿದೆ. ಲ್ಯಾಪ್‌ಟಾಪಿನ ವಿಷಯದಲ್ಲಿ ಇನ್ನೂ ಬಂದಿಲ್ಲ. ಆದರೆ ಅಂತರವು ಅನಿವಾರ್ಯವೆಂದು ಕೈಚೆಲ್ಲಬೇಕಾಗಿಯೂ ಇಲ್ಲ. ೨೦೧೭ರಲ್ಲಿ ಬ್ರಿಟನ್ನಿನ ‘ವಿಚ್’ ಎಂಬ ಗ್ರಾಹಕ ಸಂಸ್ಥೆಯು ಪ್ರಸಿದ್ಧ ಕಂಪನಿಗಳ ಲ್ಯಾಪ್‌ಟಾಪುಗಳನ್ನು ಪರೀಕ್ಷಿಸಿದಾಗ ಹೆಚ್ಚಿನವು ಹೇಳಿದ ಹೊತ್ತನ್ನು ಮುಟ್ಟಲಿಲ್ಲ. ಆ್ಯಪಲ್ ಕಂಪನಿಯ ಯಂತ್ರಗಳು ಮಾತ್ರ ಹೇಳಿದ್ದನ್ನು ಉಳಿಸಿಕೊಂಡವು. ಹೇಳಿದಂತೆ ಬಾಳುವ ಸಂಖ್ಯೆಯನ್ನು ಅಚ್ಚು ಮಾಡುವುದು ಸಾಧ್ಯವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಇನ್ನು ಹೂಳಿನ ಮಾತು. ಇಂದಿನ ಲ್ಯಾಪ್‌ಟಾಪುಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ೧೯೯೧ರಲ್ಲಿ ಸೋನಿ ಸಂಸ್ಥೆಯು ಇದನ್ನು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಅದ್ಭುತವಾದ ಈ ವಸ್ತುವೂ ಮುಪ್ಪಿಗೆ ಹೊರತಲ್ಲ. ಪ್ರತಿ ಸಲ ತುಂಬಿ ಬರಿದಾಗುವಾಗಲೂ ಅದರ ಸಾಮರ್ಥ್ಯ ಕಿಂಚಿತ್ತಾಗಿ ಕುಗ್ಗುತ್ತದೆ. ಬಿಸಿಲಿನಲ್ಲಿ ಕಾದರೆ, ಸದಾ ನೂರಕ್ಕೆ ನೂರು ತುಂಬಿಯೇ ಇದ್ದರೆ ಇನ್ನೂ ಬೇಗ ಕುಗ್ಗುತ್ತದೆ. ವಿಂಡೋಸ್ ವ್ಯವಸ್ಥೆಯ ಯಂತ್ರಗಳಲ್ಲಿ ಬ್ಯಾಟರಿಯ ವರದಿಯೊಂದನ್ನು ತೆಗೆಯಬಹುದು. ಮೂಲ ಸಾಮರ್ಥ್ಯವೂ ಇಂದಿನ ಸಾಮರ್ಥ್ಯವೂ ಅದರಲ್ಲಿ ಇರುತ್ತವೆ. ನಮ್ಮ ಯಂತ್ರದ ೪೨ ಎಂಟು ತಿಂಗಳಲ್ಲಿ ೪೦ಕ್ಕೆ ಇಳಿದಿತ್ತು. ಪೆಟ್ಟಿಗೆಯ ಮೇಲಿನ ಸಂಖ್ಯೆಯಾದರೋ ಹೊಸ ಬ್ಯಾಟರಿಯದು. ಯಂತ್ರವನ್ನು ನಾವು ಬಳಸುವುದು ನಾಲ್ಕೈದು ವರ್ಷ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ೧೯೮೬ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಬಂದ ೨೦೧೯ರ ಕಾಯಿದೆಯು ೨೦೨೦ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ದಾರಿತಪ್ಪಿಸುವ ಜಾಹೀರಾತು ಯಾವುದೆಂದು ಅದು ವಿವರಿಸುತ್ತದೆ. ಅಂಥದಕ್ಕೆ ಕೇಂದ್ರ ಪ್ರಾಧಿಕಾರವು ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ೨೦೨೨ರ ಜೂನ್ ತಿಂಗಳಲ್ಲಿ ಹೊರಬಂದ ಮಾರ್ಗಸೂಚಿಗಳ ಪ್ರಕಾರ, ಜಾಹೀರಾತಿನ ಮುಖ್ಯ ಮಾತಿಗೆ ಸೇರಿಸುವ ಷರತ್ತು ಆ ಮಾತಿನ ಭಾಷೆಯಲ್ಲಿಯೇ, ಅದೇ ಅಕ್ಷರದಲ್ಲಿಯೇ ಇರಬೇಕು; ಮುಖ್ಯವಾದ ಸಂಗತಿಯನ್ನು ಮರೆಮಾಚಬಾರದು. ದೂರು ಹೇಳಲು ೧೯೧೫ ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಆದರೆ ‘ವರೆಗೆ’ ಎಂಬ ಒಂದು ಪದದ ಮರೆಯಲ್ಲಿ ಎಷ್ಟೋ ಮಾತುಗಳು ಆಶ್ರಯ ಪಡೆದಿವೆ ಎಂಬುದನ್ನೂ ಮರೆಯಲಾಗದು. ಹತ್ತು ಗಂಟೆಗಳವರೆಗೆ ಎಂದರೆ ಮೂರೂ ಅದರೊಳಗೇ ಬಂತಲ್ಲವೇ!

ಆದಕಾರಣ ಕೊಳ್ಳುವಾಗಲೇ ವಿವೇಕ ತೋರುವುದು ಮೇಲು. ಗಂಟೆ ಎಷ್ಟೆಂದು ಕೇಳುವ ಮೊದಲು ವ್ಯಾಟ್-ಗಂಟೆ ಎಷ್ಟೆಂದು ಕೇಳಿರಿ. ಬರವಣಿಗೆಗಾದರೆ ಆ ಸಂಖ್ಯೆಯನ್ನು ೬ರಿಂದ, ಆನ್‌ಲೈನ್ ಪಾಠಕ್ಕಾದರೆ ೧೧ರಿಂದ, ನಕ್ಷೆಯಂಥ ಭಾರದ ಕೆಲಸಕ್ಕಾದರೆ ೧೫ರಿಂದ ಭಾಗಿಸಿ ನೋಡಿರಿ. ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ಹೆಚ್ಚುಕಡಮೆಯಿದ್ದರೂ ಅಂದಾಜಿಗೆ ಇದು ಸಾಕು. ಎರಡು ಮೂರು ವರ್ಷದ ಮುಪ್ಪಿಗೆಂದು ಬಂದದ್ದರಲ್ಲಿ ಐದನೆಯ ಒಂದು ಭಾಗವನ್ನು ಕಳೆಯಿರಿ. ಬ್ಯಾಟರಿಯ ಖಾತರಿ ಎಷ್ಟು ಕಾಲವೆಂದು ಪ್ರತ್ಯೇಕವಾಗಿ ವಿಚಾರಿಸಿರಿ. ಯಂತ್ರಕ್ಕೆ ಮೂರು ವರ್ಷ ಕೊಡುವವರಲ್ಲಿಯೂ ಅನೇಕರು ಬ್ಯಾಟರಿಗೆ ಒಂದೇ ವರ್ಷ ಕೊಡುತ್ತಾರೆ. ಮುಖ್ಯವಾದ ಕೆಲಸಕ್ಕೆ ಹೊರಡುವಾಗ ಚಾರ್ಜರನ್ನು ಕೊಡೆಯಂತೆ ಜೊತೆಯಲ್ಲಿ ಒಯ್ಯಿರಿ. ಬಹುಪಾಲು ಹೊತ್ತು ಕರೆಂಟಿಗೆ ಸೇರಿಸಿಯೇ ಬಳಸುವವರು, ಯಂತ್ರದಲ್ಲಿ ಅವಕಾಶವಿದ್ದರೆ, ಶೇಕಡ ೮೦ಕ್ಕೆ ತುಂಬುವುದು ನಿಲ್ಲುವಂತೆ ಮಾಡಿಕೊಳ್ಳಿರಿ.

ಮಠದ ವಿದ್ಯಾರ್ಥಿನಿಲಯದಲ್ಲಿ ಬೆಳೆದು ಇಂದು ವ್ಯಾಪಾರದಲ್ಲಿ, ಬೋಧನೆಯಲ್ಲಿ, ದೊಡ್ಡ ಕಂಪನಿಗಳ ಕೆಲಸದಲ್ಲಿ ಇರುವವರೂ ಈ ಪುಟಗಳನ್ನು ಓದುತ್ತಾರೆ. ಅವರಲ್ಲಿ ನನ್ನದೊಂದು ವಿನಂತಿ. ಮಾರುವವನು ಸುಳ್ಳು ಹೇಳದಿದ್ದರೆ ಸಾಲದು. ಕೊಳ್ಳುವವನು ಆ ಮಾತನ್ನು ಹೇಗೆ ಅರ್ಥಮಾಡಿಕೊಂಡು ಮನೆಗೆ ಹೋಗುತ್ತಾನೆ ಎಂಬುದಕ್ಕೂ ಅವನೇ ಹೊಣೆ. ಪರೀಕ್ಷಾಗಾರದಲ್ಲಿ ನಿಜವಾದ ಸಂಖ್ಯೆಯು ಗುಬ್ಬಿಯ ಜಗಲಿಯಲ್ಲಿ ನಿಜವಾಗದಿದ್ದರೆ, ಆ ಸಂಖ್ಯೆಯ ಜೊತೆಗೆ ಇನ್ನೆರಡು ವಾಕ್ಯಗಳನ್ನು ಹೇಳುವುದು ಅವನ ಧರ್ಮ. “ಅಮ್ಮಾ, ನಿನ್ನ ಕೆಲಸ ಯಾವುದು? ಅದಕ್ಕೆ ಇದು ಮೂರು ಗಂಟೆ ಬಂದೀತು” ಎಂದು ಅಂದು ಒಬ್ಬರು ಹೇಳಿದ್ದರೆ ನಮ್ಮ ಹುಡುಗಿ ಅದೇ ಯಂತ್ರವನ್ನು ಕೊಂಡರೂ ಕೊಳ್ಳುತ್ತಿದ್ದಳು, ಚಾರ್ಜರನ್ನು ಮಾತ್ರ ಬಿಟ್ಟು ಹೋಗುತ್ತಿರಲಿಲ್ಲ.

ತಮ್ಮನ ಕೋಪ ಈಗ ಇಳಿದಿದೆ. ಆ ನಾಲ್ಕು ಸಾವಿರ ಮರಳಿ ಬರಲಿಲ್ಲ. ಹುಡುಗಿ ಮುಂದಿನ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ. ಲ್ಯಾಪ್‌ಟಾಪ್ ಕೊಳ್ಳಬೇಕೆಂದು ಊರಿನ ಯಾರಾದರೂ ಅವಳ ಸಲಹೆ ಕೇಳಿದರೆ, ಅದರಿಂದ ಏನೇನು ಕೆಲಸ ಮಾಡಬೇಕೆಂದಿದ್ದೀರಿ ಎಂದು ಅವಳು ಮೊದಲು ಕೇಳುತ್ತಾಳಂತೆ; ಆಮೇಲೆ ಒಂದು ಚೀಟಿಯಲ್ಲಿ ಭಾಗಾಕಾರ ಮಾಡಿ ಕೊಡುತ್ತಾಳಂತೆ.