ಸೋಮೇಶ್ವರದ ನೀರಿನ ಬೆನ್ನು ಹತ್ತಿ

ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು, ಬೆಳಗ್ಗೆ ಹೊರಟು ರಾತ್ರಿ ಮನೆ ಸೇರುವುದು ನನಗೆ ಬಲು ಪ್ರೀತಿಯ ಕೆಲಸ. ಎಲ್ಲಿಗೆ ಹೋಗೋಣ ಎಂದರೆ ನಮ್ಮ ಮನೆಯಲ್ಲಿ ಬಹುತೇಕ ಒಂದೇ ಉತ್ತರ: ಶಾಲ್ಮಲೆಯ ದಂಡೆಗೆ. ಧಾರವಾಡದ ದಕ್ಷಿಣಕ್ಕೆ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಈ ಹಳ್ಳ ಕಲಘಟಗಿ ಸೀಮೆಯಲ್ಲಿ ಹುಬ್ಬಳ್ಳಿ ಕಡೆಯ ನೀರನ್ನು ಕೂಡಿಕೊಂಡು ಬೇಡ್ತಿಯಾಗುತ್ತದೆ. ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿ ಎನಿಸಿಕೊಂಡು, ಅಂಕೋಲೆ ತಾಲ್ಲೂಕಿನ ಮಂಜಗುಣಿಯಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ನಮ್ಮೂರಿನ ನೀರೇ ಕಡಲಿನ ತನಕ ದಾರಿ ತೋರಿಸುವಾಗ ಬೇರೆ ಯಾತಕ್ಕೆ ಹುಡುಕಬೇಕು?

ಚಿಕ್ಕ ಮಕ್ಕಳಿಗೆ ಸೋಮೇಶ್ವರವೇ ಸಾಕು. ಶ್ರಾವಣ ಸೋಮವಾರಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ; ನಾವು ಬೇರೆ ದಿನ ಹೋಗುತ್ತೇವೆ. ಮಗಳು ಸಣ್ಣವಳಿದ್ದಾಗ ನೀರಿಗೊಂದು ಎಲೆ ಬಿಟ್ಟು ಕೇಳಿದ್ದಳು: “ಅವ್ವಾ, ಇದು ಎಲ್ಲೀತನಾ ಹೋಗತೈತಿ?” “ಸಮುದ್ರದತನಾ” ಅಂದೆ. “ಎಲ್ಲಾ ನೀರೂ ಅಲ್ಲೇ ಹೋಗತೈತೇನು?” ಅದಕ್ಕೆ ಉತ್ತರ ಕೊಟ್ಟವರು ಅವರಜ್ಜ. ಇಲ್ಲಿಂದ ಪೂರ್ವಕ್ಕೆ, ನವಲಗುಂದದ ಎರಿಹೊಲಗಳ ಮೇಲೆ ಬಿದ್ದ ಮಳೆ ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ, ಪಶ್ಚಿಮದ್ದು ಇತ್ತ ಹರಿಯುತ್ತದೆ ಎಂದು ಕಡ್ಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದರು. ಒಂದೇ ಜಿಲ್ಲೆಯ ಮಳೆಗೆ ಎರಡು ಸಮುದ್ರ! ಭೂಗೋಳದ ಪುಸ್ತಕ ಕೈಗೆ ಬರುವ ಮೊದಲೇ ಅವಳಿಗೆ ಇದು ಗೊತ್ತಾಯಿತು.

ಬುತ್ತಿಯ ಮಾತು ಹೇಳದೆ ಮುಂದೆ ಹೋಗಲಾರೆ. ಹಿಂದಿನ ದಿನವೇ ಬಡಿದಿಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಣ್ಣಿಗಾಯಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಮಕ್ಕಳಿಗೆಂದು ಚಪಾತಿ, ಹೆಸರುಕಾಳಿನ ಪಲ್ಯ. ಸಿಹಿಗೆ ಶೇಂಗಾ ಹೋಳಿಗೆ, ಅದು ದಿನಗಟ್ಟಲೆ ಕೆಡುವುದಿಲ್ಲ. ಮನೆಯಲ್ಲಿ ಅರ್ಧ ರೊಟ್ಟಿ ಮುಗಿಸಲು ಗೋಳಾಡುವ ಹುಡುಗ ಹೊಲದ ಬದುವಿನ ಮೇಲೆ ಕುಳಿತರೆ ಎರಡು ತಿಂದು ಮೂರನೆಯದಕ್ಕೆ ಕೈ ಚಾಚುತ್ತಾನೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ನಮ್ಮ ಕಡೆಯ ಮನೆಗಳಿಗೆಲ್ಲ ಇದು ಗೊತ್ತಿದ್ದದ್ದೇ. ಮೊದಲ ತುತ್ತು ಭೂತಾಯಿಗೆ, ಆಮೇಲೆ ನೆರಳಿನಲ್ಲಿ ಎಲ್ಲರೂ ಕೂಡಿ ಊಟ. ಮಕ್ಕಳನ್ನು ಹೊರಗೆ ಕರೆದೊಯ್ಯುವ ವಿದ್ಯೆಯನ್ನು ನಮ್ಮ ಹಿರಿಯರು ಹಬ್ಬದೊಳಗೇ ಇಟ್ಟಿದ್ದಾರೆ ಎಂದು ನಾನು ನಂಬಿದ್ದೇನೆ.

ಸ್ವಲ್ಪ ದೊಡ್ಡವರಾದ ಮೇಲೆ ಮಾಗೋಡು. ಯಲ್ಲಾಪುರದ ಕಾಡಿನಲ್ಲಿ ಬೇಡ್ತಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಕೆಳಗಿಳಿಯುತ್ತದೆ. ನೋಡುವುದು ದೂರದ ಕಟ್ಟೆಯಿಂದ, ನೀರಿಗೆ ಇಳಿಯುವಂತಿಲ್ಲ. ಮಳೆಗಾಲದಲ್ಲಿ ಮಂಜು ಕವಿದರೆ ಸದ್ದು ಮಾತ್ರ ಕೇಳುತ್ತದೆ, ಅದಕ್ಕಾಗಿ ಹೋದರೂ ಹೋದದ್ದು ಸಾರ್ಥಕ. ಅದೇ ಮಗಳು ಅಲ್ಲಿ ಕಂಬಿ ಹಿಡಿದು ನಿಂತು, “ನಮ್ಮ ಹಳ್ಳ ಇಷ್ಟು ದೊಡ್ಡದಾತೇನು?” ಎಂದು ಕೇಳಿದಳು.

ಕೊನೆಗೆ ಕಡಲು. ಅರಬೈಲು ಘಟ್ಟ ಇಳಿಯುತ್ತಿದ್ದಂತೆ ಗಾಳಿ ಬದಲಾಗುತ್ತದೆ, ಮೈ ಅಂಟಂಟಾಗುತ್ತದೆ, ಅಡಿಕೆ ಹೋಗಿ ತೆಂಗು ಬರುತ್ತದೆ. ಮಂಜಗುಣಿಯಲ್ಲಿ ನದಿ ಹೊಳೆಯೋ ಹಿನ್ನೀರೋ ತಿಳಿಯದಷ್ಟು ಅಗಲ. ಮಗ ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ಹಚ್ಚಿ ಮುಖ ಕಿವುಚಿದ. ಇದು ನಮ್ಮ ನೀರೇ ಅಲ್ಲವೆಂದು ಅವನ ವಾದ. ಉಬ್ಬರ ಬಂದಾಗ ಸಮುದ್ರವೇ ನದಿಯೊಳಗೆ ನುಗ್ಗುತ್ತದೆ, ಇಳಿತ ಬಂದಾಗ ನದಿಯ ಸರದಿ ಎಂದು ಅಕ್ಕ ತಿಳಿಸಿ ಹೇಳಿದಳು. ನಾವು ಎಲ್ಲಿಗೂ ಓಡಲಿಲ್ಲ. ಗೋಕರ್ಣ, ಕಾರವಾರ ಎರಡೂ ಹತ್ತಿರ, ಎರಡನ್ನೂ ಬಿಟ್ಟೆವು. ಒಂದೇ ದಿನದಲ್ಲಿ ನಾಲ್ಕು ಜಾಗ ತೋರಿಸಿದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಗಾಡಿಯ ಸೀಟು ಮಾತ್ರ. ಅವರು ಮಧ್ಯಾಹ್ನವಿಡೀ ಉಸುಕಿನಲ್ಲಿ ಕೆರೆ ತೋಡಿದರು, ಏಡಿಯ ಬಿಲದ ಮುಂದೆ ಉಸಿರು ಬಿಗಿಹಿಡಿದು ಕುಳಿತರು. ಊಟಕ್ಕೆ ಕುಳಿತಾಗ ಉಪ್ಪಿನ ಪೊಟ್ಟಣ ಬಿಚ್ಚುತ್ತ, 1930ರಲ್ಲಿ ಇದೇ ಅಂಕೋಲೆಯಲ್ಲಿ ಜನ ಬ್ರಿಟಿಷರ ಕಾಯ್ದೆ ಮುರಿದು ಉಪ್ಪು ಮಾಡಿದ ಕಥೆ ಹೇಳಿದೆ. ಮಗ ಚಿಟಿಕೆ ಉಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

ಹುಬ್ಬಳ್ಳಿ-ಧಾರವಾಡದ ತಂದೆ ತಾಯಂದಿರೇ, ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಸೋಮೇಶ್ವರಕ್ಕೆ ಹೋಗಿ. ಮಕ್ಕಳನ್ನು ಅವಸರಪಡಿಸಬೇಡಿ. ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ, ಪ್ಲಾಸ್ಟಿಕ್ ಒಯ್ದಿದ್ದರೆ ಚೂರೂ ಬಿಡದೆ ಮರಳಿ ಮನೆಗೆ ತನ್ನಿ. ಅಲ್ಲಿ ನೀರಿಗೆ ಬಿದ್ದದ್ದು ಮಂಜಗುಣಿಯ ಮೀನುಗಾರರ ಬಲೆಯತ್ತಲೇ ಹೋಗುತ್ತದೆ.