ವಿಷ್ಣುಪುರದ ಬಾಲುಚರಿ

ವಂಗದೇಶವೆಂದೊಡನೆ ಜಲಸಮೃದ್ಧವಾದ ಹಸುರು ಬಯಲೇ ನಮ್ಮ ಕಣ್ಣಮುಂದೆ ನಿಲ್ಲುವುದು. ಆ ನಾಡಿನ ಪಶ್ಚಿಮದಲ್ಲಿರುವ ಬಾಂಕುಡಾ ಜಿಲ್ಲೆಯಾದರೋ ಬೇರೊಂದು ಬಗೆಯದು. ಛೋಟಾನಾಗಪುರದ ಪ್ರಸ್ಥಭೂಮಿಯು ತಗ್ಗುತ್ತ ತಗ್ಗುತ್ತ ಗಂಗೆಯ ಬಯಲಿಗೆ ಇಳಿಯುವ ಎಡೆಯಿದು. ಕೆಮ್ಮಣ್ಣು, ಜಂಬಿಟ್ಟಿಗೆ, ಶಾಲವೃಕ್ಷಗಳ ಅಡವಿ, ಅಲ್ಲಲ್ಲಿ ಒಂಟಿಗುಡ್ಡಗಳು. ದ್ವಾರಕೇಶ್ವರವೆಂಬ ನದಿಯು ಮಳೆಗಾಲದಲ್ಲಿ ಉಕ್ಕಿ ಹರಿದು ಬೇಸಗೆಯಲ್ಲಿ ಮರಳಿನ ಹಾಸಾಗಿಬಿಡುವುದು. ಪ್ರಾಚೀನರು ಈ ಸೀಮೆಯನ್ನು ರಾಢವೆಂದು ಕರೆದರು. ಇಲ್ಲಿಯ ಶುಶುನಿಯಾ ಬೆಟ್ಟದ ಬಂಡೆಯ ಮೇಲೆ ಪುಷ್ಕರಣದ ಅರಸನಾದ ಚಂದ್ರವರ್ಮನ 4ನೆಯ ಶತಮಾನದ ಸಂಸ್ಕೃತ ಶಾಸನವಿರುವುದು. ಅವನು ತನ್ನನ್ನು ಚಕ್ರಸ್ವಾಮಿಯ, ಎಂದರೆ ವಿಷ್ಣುವಿನ, ದಾಸನೆಂದು ಹೇಳಿಕೊಂಡಿರುವನು.

ಬಹುಕಾಲದ ತರುವಾಯ ಇದೇ ಸೀಮೆಯ ವಿಷ್ಣುಪುರದಲ್ಲಿ ಮಲ್ಲರಾಜರು ಆಳಿದರು. ಅವರಲ್ಲಿ ವೀರ ಹಂಬೀರನು ಶ್ರೀನಿವಾಸಾಚಾರ್ಯರಿಂದ ವೈಷ್ಣವದೀಕ್ಷೆಯನ್ನು ಪಡೆದನಂತರ ಊರಿನ ರೂಪವೇ ಬದಲಾಯಿತು. 1643ರಲ್ಲಿ ಶ್ಯಾಮರಾಯನ ಗುಡಿ, 1655ರಲ್ಲಿ ಎರಡು ಹುಲ್ಲುಮನೆಗಳನ್ನು ಜೋಡಿಸಿದಂತಿರುವ ಜೋಡಬಾಂಗ್ಲಾ, 1694ರಲ್ಲಿ ಮದನಮೋಹನನ ಗುಡಿ ಎದ್ದುವು. ಒರಟಾದ ಜಂಬಿಟ್ಟಿಗೆಯಲ್ಲಿ ನಯವಾದ ಕೆತ್ತನೆ ಸಾಗದು. ಆದುದರಿಂದ ಶಿಲ್ಪಿಗಳು ಮಣ್ಣನ್ನೇ ತಿದ್ದಿ ಸುಟ್ಟು, ಆ ಫಲಕಗಳಿಂದ ಇಟ್ಟಿಗೆಯ ಗೋಡೆಗಳನ್ನು ತುಂಬಿದರು. ರಾಸಮಂಡಲ, ಶರಶಯ್ಯೆಯ ಭೀಷ್ಮ, ರಾಮರಾವಣರ ಯುದ್ಧ, ಬೇಟೆ, ದೋಣಿ: ನೋಡಿದಷ್ಟೂ ಮುಗಿಯದು.

ಈಗ ಈ ಫಲಕಗಳೇ ಸೀರೆಯ ಸೆರಗಿಗೆ ಬಂದಿರುವುವು. ಆ ಸೀರೆಯ ಹೆಸರು ಬಾಲುಚರಿ. ಹೆಸರು ಮಾತ್ರ ಇಲ್ಲಿಯದಲ್ಲ. ದೂರದ ಮುರ್ಷಿದಾಬಾದ್ ಜಿಲ್ಲೆಯಲ್ಲಿ ಭಾಗೀರಥಿಯ ದಡದ ಬಾಲುಚರವೆಂಬ ಊರಿನದು. ನವಾಬರ ಕಾಲದಲ್ಲಿ ಅಲ್ಲಿಯ ನೇಕಾರರು ಜರಿಯನ್ನು ಮುಟ್ಟದೆ, ಬಣ್ಣದ ರೇಷ್ಮೆಯಿಂದಲೇ ಚಿತ್ರಗಳನ್ನು ತೆಗೆಯುತ್ತಿದ್ದರು. ದೇವತೆಗಳು ವಿರಳ, ಹುಕ್ಕಾ ಸೇದುವ ನವಾಬ, ಕುದುರೆ ಸವಾರ, ಟೊಪ್ಪಿಗೆಯ ಸಾಹೇಬ, ಕೊನೆಗೆ ಉಗಿಬಂಡಿಯೂ ಸೆರಗನ್ನೇರಿತು. ಹುರಿಗಳ ಜಾಲವನ್ನು ಮಗ್ಗಕ್ಕೆ ಕಟ್ಟಿ, ಅವುಗಳನ್ನೆಳೆದು ಚಿತ್ರ ಬಿಡಿಸಬೇಕು. ಒಂದು ಸೀರೆಗೆ ಎಷ್ಟೋ ಮಾಸಗಳು. ಆಶ್ರಯ ತಪ್ಪಿತು, ಕಲೆ ಕ್ಷೀಣಿಸಿತು. 1903ರಲ್ಲಿ ತೀರಿಕೊಂಡ ದುಬರಾಜದಾಸನೇ ಆ ಪರಂಪರೆಯ ಕೊನೆಯ ಮಹಾನೇಕಾರ.

1950ರ ದಶಕದಲ್ಲಿ ಕಲಾವಿದ ಸುಭೋ ಠಾಕೂರರು ವಿಷ್ಣುಪುರದ ನೇಕಾರ ಅಕ್ಷಯಕುಮಾರದಾಸರಿಗೆ ಜಕಾರ್ಡ್ ಮಗ್ಗದ ವಿದ್ಯೆಯನ್ನು ಕಲಿಯಲು ನೆರವಾಗಿ ಅದನ್ನು ಮತ್ತೆ ಬದುಕಿಸಿದರು. ಚಿತ್ರವನ್ನು ಚೌಕಳಿಯ ಕಾಗದದ ಮೇಲೆ ಬರೆದು, ರಟ್ಟುಗಳಲ್ಲಿ ರಂಧ್ರ ಹೊಡೆದು ಮಗ್ಗಕ್ಕೇರಿಸುವರು. ಆ ರಂಧ್ರಗಳೇ ಯಾವ ಎಳೆ ಏಳಬೇಕೆಂಬುದನ್ನು ನಿರ್ಣಯಿಸುವುವು. ಇಬ್ಬರು ಸರದಿಯಂತೆ ಕುಳಿತರೆ ಸುಮಾರು ವಾರದಲ್ಲಿ ಸೀರೆ ಸಿದ್ಧ. ನೂಲು ಕೆಲಮಟ್ಟಿಗೆ ನಮ್ಮ ಬೆಂಗಳೂರಿನಿಂದಲೂ ಹೋಗುವುದೆಂಬುದನ್ನು ವಾಚಕರು ಕೇಳಿ ಸಂತೋಷಪಡಬಹುದು.

ಜಾಲದ ಮಗ್ಗವಿಲ್ಲದ ಮೇಲೆ ಇದೆಂತಹ ಬಾಲುಚರಿಯೆಂದು ಮೂಗು ಮುರಿಯುವವರುಂಟು. ನನಗೆ ಹಾಗೆ ತೋರದು. ಹಳೆಯ ನೇಕಾರನು ತನ್ನ ಕಣ್ಣಮುಂದಿದ್ದ ನವಾಬನನ್ನು ನೇಯ್ದನು; ಇವನು ತನ್ನ ಊರಿನ ಗುಡಿಯನ್ನು ನೇಯುವನು. ಕೊರತೆ ಬೇರೆಡೆಯಲ್ಲಿದೆ. ದುಬರಾಜನು ತನ್ನ ಹೆಸರನ್ನು ಸೀರೆಯಲ್ಲಿಯೇ ನೇಯುತ್ತಿದ್ದನು. ಇಂದು ಎಷ್ಟೋ ಕಡೆ ನೂಲು ಮಹಾಜನನದು, ಮಾರಾಟವೂ ಅವನದೇ. ನೇಕಾರನಿಗೆ ಕೂಲಿ ಮಾತ್ರ. ಯಂತ್ರಮಗ್ಗದ ಅನುಕರಣೆಯು ಅಗ್ಗದ ಬೆಲೆಗೆ ಅಂಗಡಿಗೆ ಬಂದಿರುವಾಗ, ಮಗನನ್ನು ಮಗ್ಗದಲ್ಲಿ ಕೂರಿಸಲು ಅವನು ಹಿಂಜರಿದರೆ ಆಶ್ಚರ್ಯವೇನು?