ಕೇಳಿಸಿಕೊಂಡವರೇ ಪುಣ್ಯವಂತರು

ನಮ್ಮ ಬಡಾವಣೆಯ ಗಣೇಶೋತ್ಸವದ ಆರ್ಕೆಸ್ಟ್ರಾ ಆದಿಯಿಂದ ಅಂತ್ಯದವರೆಗೆ ಯೂಟ್ಯೂಬಿನಲ್ಲಿದೆ, ನಡುವೆ ಜನರೇಟರ್ ಕೆಟ್ಟು ಕೂತದ್ದೂ ಸೇರಿ. ಆದರೆ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಘಟಾನುಘಟಿಗಳನ್ನೇ ಬೆಚ್ಚಿಬೀಳಿಸಿದ ಪಿಯಾನೊ ವಾದಕ ಲಕಿ ರಾಬರ್ಟ್ಸ್ ಹರೆಯದಲ್ಲಿ ಹೇಗೆ ನುಡಿಸುತ್ತಿದ್ದನೆಂದು ಕೇಳೋಣವೆಂದರೆ ಒಂದು ರೆಕಾರ್ಡಿಲ್ಲ.

1887ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಲಕಿ ಐದಡಿಯನ್ನೂ ಮುಟ್ಟದ ಕುಳ್ಳ. ಅಂಗೈ ಚಾಚಿದರೆ ಮಾತ್ರ ಹದಿನಾಲ್ಕು ಬಿಳಿ ಕೀಗಳು ಅವನ ವಶ. ಬಾಲ್ಯದಲ್ಲಿ ರಂಗದ ಮೇಲೆ ಲಾಗ ಹಾಕುತ್ತಿದ್ದವನು, ದೊಡ್ಡವನಾದ ಮೇಲೆ ಆ ಕೆಲಸವನ್ನು ಎಡಗೈಗೆ ವಹಿಸಿದ. ಸ್ಟ್ರೈಡ್ ಶೈಲಿಯಲ್ಲಿ ಎಡಗೈಗೆ ಬಿಡುವೆಂಬುದೇ ಇಲ್ಲ: ಮಂದ್ರದಲ್ಲೊಂದು ಸ್ವರ ಒತ್ತಿ, ಮರುಕ್ಷಣ ಮಧ್ಯಕ್ಕೆ ಹಾರಿ ಸ್ವರಗುಚ್ಛ ಹಿಡಿದು, ಮತ್ತೆ ಕೆಳಗಿಳಿಯಬೇಕು. ಬಲಗೈ ತಾಳದ ಜೊತೆ ಕಣ್ಣಾಮುಚ್ಚಾಲೆ ಆಡಿಕೊಂಡಿರುತ್ತದೆ.

1913ರಲ್ಲೇ ಅವನ ‘ಜಂಕ್ ಮ್ಯಾನ್ ರಾಗ್’ ಅಚ್ಚಾಯಿತು. 1916ರಲ್ಲಿ ಕೊಲಂಬಿಯಾ ಕಂಪನಿ ಅವನನ್ನು ಕರೆಸಿ ರೆಕಾರ್ಡ್ ಮಾಡಿಸಿಕೊಂಡಿತು, ಬಿಡುಗಡೆ ಮಾಡಲಿಲ್ಲ. ಲಕಿಯೇನೂ ಕೊರಗಿದಂತಿಲ್ಲ. ಪಾಮ್ ಬೀಚಿನ ಸಿರಿವಂತರ ಔತಣಗಳಲ್ಲಿ ಕೈತುಂಬ ಸಂಪಾದನೆ. ಆಮೇಲೆ ಹಾರ್ಲೆಮ್ಮಿನಲ್ಲಿ ಸ್ವಂತ ಬಾರು. ಮಾಲೀಕನೋ, ಒಂದು ಹನಿಯನ್ನೂ ಮುಟ್ಟದವನು.

ಕೊನೆಗೆ ನಮ್ಮ ಪಾಲಿಗೆ ಉಳಿದ ಪಿಯಾನೊ ಸೋಲೋಗಳೆಂದರೆ ಮುಖ್ಯವಾಗಿ 1946ರ ಆರು, 1958ರ ಆರು. ಅದರಲ್ಲೂ ಒಂದು ಎರಡು ಸಲ ಬಂದಿದೆ. ಮೊದಲ ಕಂತಿಗೆ ಅವನು ಅರವತ್ತರ ಹೊಸ್ತಿಲಲ್ಲಿದ್ದ, ಎರಡನೆಯದಕ್ಕೆ ಎಪ್ಪತ್ತು ತುಂಬಿತ್ತು. ಒಂದು ಸಂಜೆ ನಾನದನ್ನು ಜೋರಾಗಿ ಹಾಕಿದ್ದೆ. ಅಡುಗೆಮನೆಯಿಂದ ಬಂದ ವಿಮರ್ಶೆ: “ಏನ್ರೀ ಅದು, ಯಾರೋ ರೈಲು ತಪ್ಪಿಹೋಗುತ್ತೆ ಅಂತ ಓಡ್ತಿರೋ ಹಾಗಿದೆ!” ಆಗ ನುಡಿಯುತ್ತಿದ್ದುದು ‘ರೈಲ್‌ರೋಡ್ ಬ್ಲೂಸ್’. ಇಷ್ಟು ಚೊಕ್ಕ ವಿಮರ್ಶೆ ನನ್ನ ಲೇಖನಿಯಿಂದ ಎಂದೂ ಬಂದಿಲ್ಲ.

ತಮಾಷೆಯೆಂದರೆ, ಲೋಕ ಲಕಿಯನ್ನು ಗುನುಗಿದ್ದು ಅವನು ನಿಧಾನಿಸಿದಾಗ. ‘ರಿಪಲ್ಸ್ ಆಫ್ ದಿ ನೈಲ್’ ಎಂಬ ಅವನ ಕೃತಿಯ ವೇಗಕ್ಕೆ ಉಳಿದವರ ಬೆರಳು ಸೋಲುತ್ತಿತ್ತು. ಅದನ್ನೇ ಮೆಲ್ಲಗೆ ನಡೆಸಿ, ಸಾಹಿತ್ಯ ಕೂಡಿಸಿ ‘ಮೂನ್‌ಲೈಟ್ ಕಾಕ್‌ಟೇಲ್’ ಎಂದು ಕರೆದರು. 1942ರಲ್ಲಿ ಗ್ಲೆನ್ ಮಿಲ್ಲರ್ ವಾದ್ಯವೃಂದದ ಕೈಯಲ್ಲಿ ಅದು ಮನೆಮಾತಾಯಿತು. ಅಮೆರಿಕವೆಲ್ಲ ಅದಕ್ಕೆ ತಬ್ಬಿಕೊಂಡು ಕುಣಿಯಿತು. ಹೆಣೆದವನು ಯಾರೆಂದು ಕೇಳುವ ಪುರುಸೊತ್ತು ಕುಣಿಯುವವರಿಗೆಲ್ಲಿ?

1968ರಲ್ಲಿ ಲಕಿ ತೀರಿಕೊಂಡ. ಎಪ್ಪತ್ತರಲ್ಲೇ ಹೀಗೆ ಓಡಿದ ಕೈ ಇಪ್ಪತ್ತೊಂಬತ್ತರಲ್ಲಿ ಹೇಗೆ ಓಡಿತ್ತೋ! 1916ರಲ್ಲಿ ಅದನ್ನು ಕೇಳಿ ‘ಬೇಡ’ ಎಂದ ಮಹಾನುಭಾವರ ಮೇಲೆ ಎಲ್ಲರಿಗೂ ಸಿಟ್ಟು. ನನಗೆ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಹೆಚ್ಚು. ಬೇಡವೆನ್ನುವುದಕ್ಕಾದರೂ ಅವರು ಒಮ್ಮೆ ಕೇಳಿದ್ದರಲ್ಲ!